ಬೆಟ್ಟದ ಮೇಲೊಂದು ಲಂಟಾನ ಕಮ್ಮಟ

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಲ್ಲಿ ಬಿದಿರು ಹೆಣೆದು ಬದುಕುತ್ತಿದ್ದವರಿಗೆ ಬಿದಿರೇ ಸಿಗದಂತಾಯಿತು. ಹಿತ್ತಲಿನಾಚೆ ಬೇಕಾದಷ್ಟು ಬೆಳೆದು ನಿಂತಿದ್ದದ್ದು ಲಂಟಾನ. ಅಂದಕ್ಕೆಂದು ಹೊರನಾಡಿನಿಂದ ತಂದ ಈ ಮುಳ್ಳುಪೊದೆ ಕಾಡಿನ ಹುಲ್ಲು, ಸಸಿಗಳನ್ನೆಲ್ಲ ನುಂಗಿ ಕೂತಿದೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಬೆಟ್ಟದಲ್ಲಿ ಲಂಟಾನ ಕರಕುಶಲ ಕೇಂದ್ರ ತೆರೆದು, ಈ ಪೊದೆಯಿಂದಲೇ ಪೀಠೋಪಕರಣ ಮಾಡುವುದನ್ನು ಅಲ್ಲಿನ ಸೋಲಿಗ, ಕೊರವ ಸಮುದಾಯದವರಿಗೆ ಕಲಿಸತೊಡಗಿತು.

ಕೆಲಸ ಶುರುವಾಗುವುದು ಒಲೆಯ ಮುಂದೆ. ನೆಟ್ಟಗಿನ ಕಡ್ಡಿಗಳನ್ನು ಆರಿಸಿ ಕಡಿದು ತಂದು, ನೀರಿನಲ್ಲಿ ಚೆನ್ನಾಗಿ ಬೇಯಿಸಬೇಕು. ಬಿಸಿಯಿರುವಾಗಲೇ ಸಿಪ್ಪೆ ಸುಲಿಯಬೇಕು, ಮೆದುವಾಗಿರುವಾಗಲೇ ಬೇಕಾದಂತೆ ಬಾಗಿಸಬೇಕು. ದಪ್ಪನೆಯವು ಕುರ್ಚಿ, ಸೋಫಾಗಳ ಚೌಕಟ್ಟಿಗೆ, ಸಪೂರದವು ಹೆಣಿಗೆಗೆ. ಬೆತ್ತ ಮಾಡುವ ಕೆಲಸವನ್ನೆಲ್ಲ ಈ ಕಳೆ ಮಾಡುತ್ತದೆ. ಬಿದಿರು ಸೀಳಿ ಪಳಗಿದವರಿಗೆ ಹೆಣಿಗೆ ಹೊಸದಲ್ಲ, ಸಾಮಗ್ರಿಯಷ್ಟೇ ಹೊಸದು.

ವಯಸ್ಕರ ಕಲಿಕೆಯ ಗುಟ್ಟು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ದೊಡ್ಡವರು ಬರಿಗೈಲಿ ಕಲಿಯಲು ಬರುವುದಿಲ್ಲ. ಅನುಭವದ ಅರಿವನ್ನೂ ಹೊತ್ತು ತರುತ್ತಾರೆ. ಕಾಡಿನಲ್ಲಿ ಹಿಂದೆ ತರಗು ಬೆಂಕಿ (ನೆಲದ ಒಣ ಎಲೆ ಸುಡುವ ಸಣ್ಣ ಬೆಂಕಿ) ಹಾಕುತ್ತಿದ್ದೆವು, ಅದು ನಿಂತ ಮೇಲೆಯೇ ಲಂಟಾನ ಹಬ್ಬಿತು ಎನ್ನುತ್ತಾರೆ ಸೋಲಿಗ ಹಿರಿಯರು. ಪರಿಸರ ವಿಜ್ಞಾನಿಗಳೂ ಈ ಮಾತನ್ನು ಗಂಭೀರವಾಗಿ ಕೇಳಿಸಿಕೊಂಡಿದ್ದಾರೆ. ಹೀಗೆ ತಿಳಿದವರಿಗೆ ಅಆಇಈಯಿಂದ ಪಾಠ ಹೇಳಹೊರಟರೆ ಮಾರನೆಯ ದಿನ ಯಾರು ಬಂದಾರು?

ಪಕ್ಕದ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಇದೇ ದಾರಿ ಹಿಡಿಯಿತು. ಶಾಲೆಯ ಜೊತೆಗೆ ವೃತ್ತಿ ತರಬೇತಿ, ಗಿರಿಜನ ಯುವತಿಯರಿಗೆ ದಾದಿಯರ ತರಬೇತಿ. ಇನ್ನು ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮಗ್ಗಗಳಿವೆ. ಅಲ್ಲಿ ಮನೆಯೇ ಪಾಠಶಾಲೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಸಮುದಾಯ ಕಾಲೇಜು ಯೋಜನೆಯ ಆಶಯವೂ ಇಂಥದ್ದೇ: ಊರಿಗೆ ಬೇಕಾದ ಕೋರ್ಸು, ವಯಸ್ಸಿನ ಹಂಗಿಲ್ಲ. ಆದರೆ ಕೂಲಿ ಮಾಡಿ ಉಣ್ಣುವವರಿಗೆ ತರಗತಿಯಲ್ಲಿ ಕಳೆದ ದಿನವೆಂದರೆ ತಪ್ಪಿದ ಸಂಬಳ. ಶುಲ್ಕ ಮನ್ನಾ ಮಾಡಿದರಷ್ಟೇ ಸಾಲದು. ಕಲಿಯುವ ದಿನಗಳಿಗೆ ಭತ್ಯೆ ಬೇಕು, ಸುಗ್ಗಿಗೆ ಬಿಡುವು ಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮಾಡಿದ ಮಾಲಿಗೆ ಗಿರಾಕಿ ಬೇಕು. ಬೆಟ್ಟದ ಮಾದಪ್ಪನ, ಅಂದರೆ ಮಹದೇಶ್ವರನ, ಜಾತ್ರೆಗೆ ಲಕ್ಷಗಟ್ಟಲೆ ಭಕ್ತರು ಬರುತ್ತಾರೆ. ಹನೂರು, ಕೊಳ್ಳೇಗಾಲ, ಯಳಂದೂರಿನ ಕಚೇರಿ, ಶಾಲೆ, ಅತಿಥಿಗೃಹಗಳಿಗೆ ಪ್ರತಿ ವರ್ಷವೂ ಕುರ್ಚಿಗಳು ಬೇಕಾಗುತ್ತವೆ. ಅವುಗಳಲ್ಲಿ ಒಂದು ಪಾಲನ್ನಾದರೂ ಬೆಟ್ಟದ ಈ ಕೈಗಳಿಂದಲೇ ಕೊಳ್ಳಬೇಕು.