ಕೂಡಿ ಕುಳಿತು ದುಡಿಯಲು ಕಲಿಸಿದವರು

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಅಕ್ಕ ಬೆಂಗಳೂರಿನ ಕೆಲಸವನ್ನು ಬಿಡದೆಯೇ ಬೆಂಗಳೂರನ್ನು ಬಿಟ್ಟು ಊರಿಗೆ ಹಿಂದಿರುಗಿದಳು. ಅವಳದು ಭಾಷಾಂತರದ ಕೆಲಸ. ಒಂದು ಕಂಪ್ಯೂಟರು, ಒಂದು ಅಂತರ್ಜಾಲದ ಸಂಪರ್ಕ ಇದ್ದರೆ ಎಲ್ಲಿ ಕುಳಿತಾದರೂ ಮಾಡಬಹುದೆಂದು ಕೆಲಸ ಕೊಟ್ಟವರ ಅಭಿಪ್ರಾಯ. ಆದರೆ ಆ ‘ಎಲ್ಲಿ ಕುಳಿತಾದರೂ’ ಎಂಬ ಸ್ಥಳ ನಮ್ಮ ಮನೆಯಲ್ಲಿರಲಿಲ್ಲ. ಅಡಿಗೆಮನೆಯ ಕಿಟಕಿಯ ಬಳಿ ಕುಳಿತರೆ ಕುಕ್ಕರಿನ ಕೂಗು; ನಡುಮನೆಯಲ್ಲಿ ಕುಳಿತರೆ ಬಂದವರೆಲ್ಲ “ಏನಮ್ಮಾ, ಕೆಲಸ ಹೋಯಿತೇ?” ಎಂದು ಮರುಗುವವರೇ. ಕೊನೆಗೆ ಅವಳು ಪೇಟೆಬೀದಿಯ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಆರು ಮೇಜು ಹಾಕಿಸಿ, ತನ್ನಂಥವರು ಯಾರಾದರೂ ಬಂದು ಕುಳಿತು ಬಾಡಿಗೆಯಲ್ಲಿ ಪಾಲು ಕೊಡಲೆಂದು ಬಾಗಿಲಿಗೆ ಚೀಟಿ ಅಂಟಿಸಿದಳು. ಮೊದಲ ತಿಂಗಳು ಒಂದು ನರಪಿಳ್ಳೆಯೂ ಆ ಮೆಟ್ಟಿಲು ಹತ್ತಲಿಲ್ಲ.

ಇಂಥ ಸ್ಥಳಕ್ಕೆ ಜಗತ್ತಿನಲ್ಲೆಲ್ಲ ‘ಕೋವರ್ಕಿಂಗ್’ ಎಂಬ ಹೆಸರು ಬಳಕೆಯಲ್ಲಿದೆಯೆಂದೂ, ಅದೊಂದು ದೊಡ್ಡ ಉದ್ಯಮವೇ ಆಗಿದೆಯೆಂದೂ ನನಗೆ ತಿಳಿದದ್ದು ಆಮೇಲೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು, ಈ ಉದ್ಯಮದಲ್ಲಿ ಯಾರನ್ನು ನೋಡಿ ಕಲಿಯಬೇಕು, ಯಾರನ್ನು ನೋಡಿ ಎಚ್ಚರಗೊಳ್ಳಬೇಕು ಎಂದು ಅಕ್ಕನ ಸಲುವಾಗಿ ಹುಡುಕಹೊರಟೆ. ಹುಡುಕಿದಾಗ ದೊರೆತದ್ದರಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ.

ಕೋವರ್ಕಿಂಗ್ ಎಂದರೆ ಬೇರೆ ಬೇರೆ ಕೆಲಸದವರು ಒಂದೇ ಸೂರಿನಡಿ ಮೇಜು, ವಿದ್ಯುತ್ತು, ಅಂತರ್ಜಾಲಗಳನ್ನು ಹಂಚಿಕೊಂಡು ತಮ್ಮ ತಮ್ಮ ಕೆಲಸ ಮಾಡುವುದು. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿ ಇದಕ್ಕೆ ಹತ್ತಿರವೆಂದು ಮೊದಲು ತೋರಿತು. ಆದರೆ ಮುಯ್ಯಾಳಿನಲ್ಲಿ ಇಂದು ಎಲ್ಲರೂ ನಿನ್ನ ಗದ್ದೆಗೆ, ನಾಳೆ ಎಲ್ಲರೂ ನನ್ನ ಗದ್ದೆಗೆ. ಇಲ್ಲಿಯಾದರೋ ಗದ್ದೆಗಳು ಬೇರೆ ಬೇರೆ, ಬದು ಮಾತ್ರ ಒಂದೇ.

ಈ ಮಾತನ್ನು ೧೯೯೯ರಲ್ಲಿ ಬಳಕೆಗೆ ತಂದವರು ಅಮೆರಿಕದ ಬರ್ನಾರ್ಡ್ ಡಿಕೋವನ್. ಇವರು ಆಟಗಳನ್ನು ರಚಿಸುವವರು. ಆಟವಾಡುವುದನ್ನು ಕುರಿತೇ ೧೯೭೮ರಲ್ಲಿ ಒಂದು ಗ್ರಂಥ ಬರೆದವರು. ಅವರ ಮನಸ್ಸಿನಲ್ಲಿದ್ದದ್ದು ಕಟ್ಟಡವಲ್ಲ, ಮೇಜು ಕುರ್ಚಿಗಳೂ ಅಲ್ಲ. ಮೇಲಧಿಕಾರಿ, ಕೈಕೆಳಗಿನವ ಎಂಬ ಭೇದವಿಲ್ಲದೆ ಸಮಾನರಾಗಿ ಕೂಡಿ ಕೆಲಸ ಮಾಡುವುದು ಹೇಗೆ, ಅದಕ್ಕೆ ಕಂಪ್ಯೂಟರು ಹೇಗೆ ನೆರವಾದೀತು ಎಂಬುದು ಅವರ ಪ್ರಶ್ನೆಯಾಗಿತ್ತು. ಡಿಕೋವನ್ ೨೦೧೮ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಅವರ ಶಬ್ದ ಬಾಡಿಗೆಯ ವ್ಯಾಪಾರದ ಹೆಸರಾಗಿಬಿಟ್ಟಿತ್ತು. ಶಬ್ದಗಳ ಹಣೆಬರಹವೇ ಹಾಗೆಂದು ತೋರುತ್ತದೆ.

ಶಬ್ದಕ್ಕೆ ಒಂದು ಕೋಣೆಯನ್ನು ಕಲ್ಪಿಸಿದವರು ಬ್ರಾಡ್ ನ್ಯೂಬರ್ಗ್. ಸಾನ್ ಫ್ರಾನ್ಸಿಸ್ಕೋ ನಗರದ ಈ ತರುಣ ಕಂಪ್ಯೂಟರ್ ತಂತ್ರಜ್ಞರಿಗೆ ಒಂದು ತೊಡಕಿತ್ತು. ಕಚೇರಿಗೆ ಹೋದರೆ ಸಹವಾಸವುಂಟು, ಸ್ವಾತಂತ್ರ್ಯವಿಲ್ಲ. ಮನೆಯಲ್ಲೇ ದುಡಿದರೆ ಸ್ವಾತಂತ್ರ್ಯವುಂಟು, ಸಹವಾಸವಿಲ್ಲ. ಎರಡೂ ಒಟ್ಟಿಗೆ ಸಿಗಬಾರದೇಕೆ ಎಂದು ಅವರು ೨೦೦೫ನೆಯ ಆಗಸ್ಟ್ ೯ರಂದು ತಮ್ಮ ಆಲೋಚನೆಯನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ನಗರದ ಮಿಷನ್ ಎಂಬ ಭಾಗದಲ್ಲಿ ‘ಸ್ಪೈರಲ್ ಮ್ಯೂಸ್’ ಎಂಬ ಮನೆಯಿತ್ತು. ಮಹಿಳೆಯರು ಕೂಡಿ ನಡೆಸುತ್ತಿದ್ದದ್ದು. ಅದನ್ನು ವಾರಕ್ಕೆ ಎರಡು ದಿನ ಬಳಸಿಕೊಳ್ಳಲು ತಿಂಗಳಿಗೆ ೩೦೦ ಡಾಲರು ಕೊಟ್ಟು, ಮಡಚುವ ಮೇಜುಗಳನ್ನು ಹಾಕಿ ಅವರು ಕಾದು ಕುಳಿತರು.

ಮೊದಲ ತಿಂಗಳು ಅಲ್ಲಿಯೂ ಯಾರೂ ಬರಲಿಲ್ಲ!

ಇದನ್ನು ಓದಿದ ಸಂಜೆ ನಾನು ಗಿರಣಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋಗಿ ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ; “ಆಮೇಲೆ ಏನು ಮಾಡಿದರಂತೆ?” ಎಂದು ಕೇಳಿದಳು. ನ್ಯೂಬರ್ಗ್ ಹತ್ತಿರದ ಕಾಫಿ ಅಂಗಡಿಗೆ ಹೋಗಿ, ಒಂಟಿಯಾಗಿ ಕಂಪ್ಯೂಟರ್ ಮುಂದೆ ಕುಳಿತವರ ಕೈಗೆ ಕರಪತ್ರ ಹಂಚಿದರು. ಕೊನೆಗೊಬ್ಬರು ಬಂದರು, ಮತ್ತೊಬ್ಬರು ಬಂದರು. ಒಟ್ಟಾಗಿ ಊಟ, ನಡುವೆ ಧ್ಯಾನಕ್ಕೆ ಬಿಡುವು, ಸಂಜೆ ೫-೪೫ಕ್ಕೆ ಕಡ್ಡಾಯವಾಗಿ ಬಾಗಿಲು ಮುಚ್ಚುವುದು. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ಮನೆಯಲ್ಲಿ ದುಡಿಯುವವರಿಗೆ ಕೆಲಸ ಮುಗಿಯುವ ಗಂಟೆಯೆಂಬುದೇ ಇರುವುದಿಲ್ಲವಷ್ಟೆ. ಆ ಕೋಣೆ ನಡೆದದ್ದು ಸುಮಾರು ಒಂದು ವರ್ಷ ಮಾತ್ರ. ಆದರೆ ಈ ಕಲ್ಪನೆಯನ್ನು ಯಾರು ಬೇಕಾದರೂ ತೆಗೆದುಕೊಂಡು ಹೋಗಿ ತಮ್ಮೂರಿನಲ್ಲಿ ಮಾಡಿ ಎಂದು ನ್ಯೂಬರ್ಗ್ ಬಿಟ್ಟುಕೊಟ್ಟರು. ೨೦೦೬ರಲ್ಲಿ ಅದೇ ನಗರದಲ್ಲಿ ಕ್ರಿಸ್ ಮೆಸಿನಾ ಮತ್ತು ಟಾರಾ ಹಂಟ್ ‘ಸಿಟಿಜನ್ ಸ್ಪೇಸ್’ ತೆರೆದರು. ಇಂದು ನಾವೆಲ್ಲ ಬಳಸುವ ಹ್ಯಾಷ್‌ಟ್ಯಾಗನ್ನು ೨೦೦೭ರಲ್ಲಿ ಸೂಚಿಸಿದವರೂ ಇದೇ ಮೆಸಿನಾ. ಅದಕ್ಕೂ ಅವರು ಯಾರಿಂದಲೂ ಕಾಸು ಕೇಳಲಿಲ್ಲ.

ನನಗೆ ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬಂದವರು ಫಿಲಡೆಲ್ಫಿಯಾದ ಅಲೆಕ್ಸ್ ಹಿಲ್‌ಮನ್. ಇವರೂ ಜೆಫ್ ಡಿಮಾಸಿ ಎಂಬವರೂ ಸೇರಿ ೨೦೦೭ರಲ್ಲಿ ‘ಇಂಡಿ ಹಾಲ್’ ತೆರೆದರು. ತೆರೆಯುವ ಮೊದಲು ಅವರು ಮಾಡಿದ್ದು ಮುಖ್ಯ. ಊರಿನಲ್ಲಿ ಚದುರಿಹೋಗಿದ್ದ ತಮ್ಮಂಥವರನ್ನು ಕಾಫಿ ಅಂಗಡಿಗಳಲ್ಲಿ ಮತ್ತೆ ಮತ್ತೆ ಕೂಡಿಸಿ, ಒಬ್ಬರಿಗೊಬ್ಬರು ಪರಿಚಿತರಾದ ಮೇಲೆ ಕೋಣೆ ಹುಡುಕಿದರು. ಮೊದಲು ಜನ, ಆಮೇಲೆ ಜಾಗ ಎಂಬುದು ಹಿಲ್‌ಮನ್ ಅವರ ವಾದ. ಅಕ್ಕ ಮಾಡಿದ್ದು ಇದಕ್ಕೆ ಸರಿಯಾಗಿ ವಿರುದ್ಧ. ನ್ಯೂಬರ್ಗ್ ಮಾಡಿದ್ದೂ ವಿರುದ್ಧವೇ ಎನ್ನಿ. ಮರುವಾರದಿಂದ ನಾವು ಭಾನುವಾರ ಸಂಜೆ ಕೋಣೆಯಲ್ಲಿ ಚಹಾ ಇಟ್ಟು, ಪುಕ್ಕಟೆ ಬಂದು ಕುಳಿತು ಹೋಗಿರೆಂದು ಕರೆದೆವು. ಬಂದವರಲ್ಲಿ ಅಂಗಡಿಗಳ ಲೆಕ್ಕ ಬರೆದುಕೊಡುವವನೊಬ್ಬ, ಮಕ್ಕಳಿಗೆ ಅಂತರ್ಜಾಲದ ಮೂಲಕ ಗಣಿತ ಹೇಳುವ ಮಹಿಳೆಯೊಬ್ಬರು, ಸ್ಪರ್ಧಾ ಪರೀಕ್ಷೆಗೆ ಓದುವ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರಿಬ್ಬರು. ಗ್ರಂಥಾಲಯ ಮುಚ್ಚಿದ ಮೇಲೆ ಹೆಣ್ಣುಮಕ್ಕಳಿಗೆ ಕೂತು ಓದಲು ಈ ಊರಿನಲ್ಲಿ ಬೇರೆ ಜಾಗವಿಲ್ಲವೆಂಬುದು ಅವರು ಹೇಳಿದ ಮೇಲೆ ನನಗೆ ಹೊಳೆಯಿತು. ಈಗ ಆರು ಮೇಜಿಗೆ ಏಳು ಜನರಿದ್ದಾರೆ.

ಇನ್ನು ಹಣದ ಕಡೆಯ ಧುರೀಣರು. ಬ್ರಿಟನ್ನಿನ ಮಾರ್ಕ್ ಡಿಕ್ಸನ್ ಹದಿನಾರರ ವಯಸ್ಸಿಗೇ ಶಾಲೆ ಬಿಟ್ಟವರು; ಸ್ಯಾಂಡ್‌ವಿಚ್ ಹಂಚಿ, ಬನ್ನಿನ ವ್ಯಾಪಾರ ಮಾಡಿ ಮೇಲೆ ಬಂದವರು. ಬ್ರಸೆಲ್ಸ್ ನಗರದಲ್ಲಿ ವ್ಯಾಪಾರಸ್ಥರು ಕಚೇರಿಯಿಲ್ಲದೆ ಹೋಟೆಲುಗಳಲ್ಲಿ ಕುಳಿತು ವ್ಯವಹರಿಸುವುದನ್ನು ಕಂಡು ೧೯೮೯ರಲ್ಲಿ ‘ರೀಗಸ್’ ಸಂಸ್ಥೆ ಸ್ಥಾಪಿಸಿ, ಸಜ್ಜುಗೊಳಿಸಿದ ಕಚೇರಿಗಳನ್ನು ಅಲ್ಪಾವಧಿಗೆ ಬಾಡಿಗೆಗೆ ಕೊಡತೊಡಗಿದರು. ಇದರ ಮರ್ಮ ಸರಳ. ಕಟ್ಟಡವನ್ನು ವರ್ಷಗಟ್ಟಲೆಯ ಗುತ್ತಿಗೆಗೆ ಸಗಟಾಗಿ ಹಿಡಿಯುವುದು, ತಿಂಗಳ ಲೆಕ್ಕದಲ್ಲಿ ಚಿಲ್ಲರೆಯಾಗಿ ಬಿಡುವುದು. ಚಿಲ್ಲರೆ ಬೆಲೆ ಯಾವಾಗಲೂ ಹೆಚ್ಚಲ್ಲವೆ? ಅದೇ ಲಾಭ. ಅಪಾಯವಿರುವುದೂ ಅಲ್ಲೇ. ಒಳ್ಳೆಯ ಕಾಲ ಹೋದರೆ ತಿಂಗಳ ಬಾಡಿಗೆಯವರು ಎದ್ದು ನಡೆಯುತ್ತಾರೆ. ವರ್ಷಗಟ್ಟಲೆಯ ಗುತ್ತಿಗೆ ಮಾತ್ರ ಎದ್ದು ನಡೆಯುವುದಿಲ್ಲ. ಅಂತರ್ಜಾಲ ಕಂಪೆನಿಗಳು ಕುಸಿದ ಮೇಲೆ ೨೦೦೩ರ ಜನವರಿಯಲ್ಲಿ ರೀಗಸ್ಸಿನ ಅಮೆರಿಕದ ಶಾಖೆ ದಿವಾಳಿ ಕಾನೂನಿನ ರಕ್ಷಣೆ ಬೇಡಬೇಕಾಯಿತು. ಡಿಕ್ಸನ್ ಪೆಟ್ಟು ತಿಂದು ಚೇತರಿಸಿಕೊಂಡರು, ಸಂಸ್ಥೆ ಐಡಬ್ಲ್ಯುಜಿ ಎಂಬ ಹೊಸ ಹೆಸರಿನಲ್ಲಿ ಬೆಳೆಯಿತು.

ಆ ಪೆಟ್ಟಿನಿಂದ ಪಾಠ ಕಲಿಯದವರು ಆಡಂ ನ್ಯೂಮನ್. ಇಸ್ರೇಲಿನ ಕಿಬ್ಬುತ್ಸ್ ಎಂಬ ಸಾಮೂಹಿಕ ಗ್ರಾಮದಲ್ಲಿ ಕೆಲಕಾಲ ಬೆಳೆದವರು ಇವರು. ಜೊತೆಗಾರ ಮಿಗೆಲ್ ಮೆಕೆಲ್ವಿ ಕೂಡ ಅಂಥದೇ ಕೂಡುಮನೆಯ ಮಗು. ಇಬ್ಬರೂ ೨೦೧೦ರಲ್ಲಿ ನ್ಯೂಯಾರ್ಕಿನಲ್ಲಿ ‘ವೀವರ್ಕ್’ ಆರಂಭಿಸಿದರು. ನ್ಯೂಮನ್ನರ ಮಾತಿನ ಮೋಡಿ ಎಷ್ಟಿತ್ತೆಂದರೆ, ೨೦೧೯ರ ಜನವರಿಯಲ್ಲಿ ಆ ಸಂಸ್ಥೆಗೆ ೪,೭೦೦ ಕೋಟಿ ಡಾಲರಿನ ಬೆಲೆ ಕಟ್ಟಲಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಷೇರು ಮಾರಲೆಂದು ಲೆಕ್ಕಪತ್ರ ಬಹಿರಂಗಪಡಿಸಿದಾಗ ಬಣ್ಣ ಬಯಲಾಯಿತು. ೨೦೧೮ರ ಆದಾಯ ಸುಮಾರು ೧೮೦ ಕೋಟಿ ಡಾಲರು, ನಷ್ಟ ಅದಕ್ಕಿಂತಲೂ ತುಸು ಹೆಚ್ಚು! ‘ನಾವು’ ಎಂಬರ್ಥದ ‘ವೀ’ ಎಂಬ ಪದದ ಹಕ್ಕನ್ನು ಸಂಸ್ಥೆಗೆ ಕೊಟ್ಟದ್ದಕ್ಕಾಗಿ ನ್ಯೂಮನ್ನರ ಪಾಲುಳ್ಳ ಕಂಪೆನಿಗೆ ೫೯ ಲಕ್ಷ ಡಾಲರು ಮೌಲ್ಯದ ಪಾಲು ಸಂದಿತ್ತೆಂಬುದೂ ಹೊರಬಿತ್ತು. ಜನ ಛೀಮಾರಿ ಹಾಕಿದ ಮೇಲೆ ಅದನ್ನು ಹಿಂದಿರುಗಿಸಿದರು. ಡಿಕೋವನ್ನರು ಉಚಿತವಾಗಿ ಕೊಟ್ಟ ಶಬ್ದವೆಲ್ಲಿ, ಇದೆಲ್ಲಿ! ಸೆಪ್ಟೆಂಬರಿನಲ್ಲಿ ನ್ಯೂಮನ್ ಕೆಳಗಿಳಿದರು. ೨೦೨೩ರ ನವೆಂಬರಿನಲ್ಲಿ ಸಂಸ್ಥೆ ದಿವಾಳಿ ರಕ್ಷಣೆ ಕೇಳಿ, ಗುತ್ತಿಗೆಗಳನ್ನು ಕಡಿದುಕೊಂಡು ೨೦೨೪ರ ಜೂನಿನಲ್ಲಿ ಹೊರಬಂದಿತು.

ನಮ್ಮ ದೇಶದ ಕಥೆ ಬೇರೆ. ೨೦೦೯ರಲ್ಲಿಯೇ ಅರ್ಚನಾ ಪ್ರಸಾದ್ ಮತ್ತು ಫ್ರೀಮನ್ ಮರ್ರೆ ಬೆಂಗಳೂರಿನಲ್ಲಿ, ಉಗ್ರಾಣಗಳಲ್ಲಿ ಸಾಮಾನು ಪೇರಿಸುವ ಕಬ್ಬಿಣದ ಚೌಕಟ್ಟುಗಳಿಂದಲೇ ಕಟ್ಟಡವೊಂದನ್ನು ನಿಲ್ಲಿಸಿ ಕಲಾವಿದರಿಗೂ ತಂತ್ರಜ್ಞರಿಗೂ ತೆರೆದರು. ಅದಕ್ಕಿಟ್ಟ ಹೆಸರು ‘ಜಾಗ’. ಇದಕ್ಕಿಂತ ಒಪ್ಪುವ ಹೆಸರು ನನಗಂತೂ ತೋರದು. ಎಂಬೆಸಿ ಸಮೂಹದ ಕರಣ್ ವೀರ್ವಾನಿ ೨೦೧೭ರಲ್ಲಿ ವೀವರ್ಕಿನ ಹೆಸರನ್ನು ಬೆಂಗಳೂರಿಗೆ ತಂದರು. ಇಲ್ಲಿನ ಸಂಸ್ಥೆ ಪ್ರತ್ಯೇಕವಾದುದರಿಂದ ಅಲ್ಲಿನ ದಿವಾಳಿಯಲ್ಲಿ ಕೊಚ್ಚಿಹೋಗಲಿಲ್ಲ. ಬೆಂಗಳೂರಿನವರೇ ಆದ ರಿಷಿ ದಾಸ್ ಮತ್ತು ಮೇಘನಾ ಅಗರ್ವಾಲ್ ಅವರ ‘ಇಂಡಿಕ್ಯೂಬ್’ ೨೦೨೫ರಲ್ಲಿ ಷೇರುಪೇಟೆಗೆ ಬಂದಿತು.

ಆದರೆ ನಾನು ನಿಂತು ನೋಡಿದ್ದು ಅಮಿತ್ ರಮಣಿ ಅವರನ್ನು. ವಾಸ್ತುಶಿಲ್ಪ ಓದಿದ ಇವರ ‘ಆಫಿಸ್’ ಸಂಸ್ಥೆ ೨೦೨೪ರ ಮೇ ತಿಂಗಳಿನಲ್ಲಿ ಷೇರುಪೇಟೆಯನ್ನು ಸೇರಿತು. ಭಾರತದಲ್ಲಿ ಈ ಉದ್ಯಮದವರಲ್ಲಿ ಅದೇ ಮೊದಲನೆಯದು. ಅವರ ಅನೇಕ ಕೇಂದ್ರಗಳಲ್ಲಿ ಮಾಲಿಕನಿಗೆ ದೊಡ್ಡ ನಿಶ್ಚಿತ ಬಾಡಿಗೆ ಕೊಡುವ ಪದ್ಧತಿಯಿಲ್ಲ. ಕಟ್ಟಡವನ್ನು ಸಜ್ಜುಗೊಳಿಸುವ ಖರ್ಚಿನಲ್ಲಿ ಮಾಲಿಕ ಪಾಲು ಹಾಕುತ್ತಾನೆ, ಬಂದ ಆದಾಯದಲ್ಲಿ ಪಾಲು ಪಡೆಯುತ್ತಾನೆ. ನಮ್ಮ ರೈತರ ಭಾಷೆಯಲ್ಲಿ ಹೇಳುವುದಾದರೆ ಗೇಣಿಯಲ್ಲ, ಕೋರು. ಮಳೆ ಕೈಕೊಟ್ಟರೆ ಇಬ್ಬರಿಗೂ ಕೈಕೊಟ್ಟಂತೆ.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವುಂಟು. ಕಳೆದ ತಿಂಗಳು ಕೋಣೆಯ ಮಾಲಿಕರು ಬಂದು, ಮೂರು ವರ್ಷದ ಕರಾರಿಗೆ ಸಹಿ ಹಾಕಿ ಹೆಚ್ಚಿನ ಮುಂಗಡ ಕೊಡುವುದಾದರೆ ಇರಿ, ಇಲ್ಲವಾದರೆ ಬಟ್ಟೆ ಅಂಗಡಿಯವರು ಕೇಳುತ್ತಿದ್ದಾರೆ ಎಂದರು. ಅಕ್ಕನ ಏಳು ಜನರಲ್ಲಿ ಇಬ್ಬರು ಪರೀಕ್ಷೆ ಮುಗಿದೊಡನೆ ಹೋಗುವವರು. ಉಳಿದವರೂ ತಿಂಗಳ ಲೆಕ್ಕದವರು. ಅಕ್ಕ ಸಹಿ ಹಾಕಿದರೆ ನ್ಯೂಮನ್ನರ ತಪ್ಪನ್ನೇ ಸಣ್ಣ ಅಳತೆಯಲ್ಲಿ ಮಾಡಿದಂತೆ. ಹಾಕದಿದ್ದರೆ ಮತ್ತೆ ಅಡಿಗೆಮನೆಯ ಕಿಟಕಿ. ಎರಡು ರಾತ್ರಿ ಕಾಗದದ ಮೇಲೆ ಕೂಡಿ ಕಳೆದು, ನಿಶ್ಚಿತ ಬಾಡಿಗೆಯನ್ನು ಅರ್ಧಕ್ಕಿಳಿಸಿ, ಮೇಜುಗಳಿಂದ ಬಂದದ್ದರಲ್ಲಿ ಮೂರನೆಯ ಒಂದು ಪಾಲು ಮಾಲಿಕರಿಗೆ ಎಂದು ಬರೆದೆವು. ಏಳು ಜನರೂ ಕೂಡಿಯೇ ಅವರ ಮನೆಗೆ ಹೋದೆವು. ಮಾತಾಡಿದ್ದು ಗಣಿತ ಹೇಳುವ ಮಹಿಳೆ. ಮಾಲಿಕರು ಕನ್ನಡಕ ಹಾಕಿಕೊಂಡು ಆ ಕಾಗದವನ್ನು ಎರಡು ಸಲ ಓದಿದರು. ಮೇಜು ಖಾಲಿ ಬಿದ್ದ ತಿಂಗಳು ತಮಗೇನು ಗತಿ ಎಂದು ಕೇಳಿದರು. ಅಕ್ಕ ಇದ್ದದ್ದನ್ನೇ ಹೇಳಿದಳು. ಯುಗಾದಿ ಕಳೆಯಲಿ, ಮಗನನ್ನು ಕೇಳಿ ತಿಳಿಸುತ್ತೇನೆ ಎಂದು ಅವರು ಕಾಗದವನ್ನು ಪಂಚಾಂಗದೊಳಗೆ ಮಡಚಿಟ್ಟರು.