ಗೋವನ್ ಪೇಟೆಯ ಗೃಹಿಣಿಯರು

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರವು ಕ್ಲೈಡ್ ನದಿಯ ಎರಡು ದಡಗಳಲ್ಲಿಯೂ ಹಬ್ಬಿಕೊಂಡಿರುವುದು. ಅದರ ಹೆಸರಿಗೆ ಆ ಸೀಮೆಯ ಪ್ರಾಚೀನ ಭಾಷೆಯಲ್ಲಿ 'ಹಸುರು ತಗ್ಗು' ಎಂದು ಅರ್ಥ ಹೇಳುತ್ತಾರೆ. ಹಡಗುಕಟ್ಟೆಗಳ ಹೊಗೆಯಿಂದ ಕಪ್ಪಾಗಿದ್ದ ಪಟ್ಟಣಕ್ಕೆ ಇದು ಒಪ್ಪದ ಹೆಸರೇ ಸರಿ. ಹೆಸರಿಟ್ಟವರು ಆ ಹೊಗೆಯನ್ನು ಕಂಡವರಲ್ಲ. ನಾವೀಗ ವಾಚಕರನ್ನು ಈ ನಗರದ ದಕ್ಷಿಣ ದಡದಲ್ಲಿರುವ ಗೋವನ್ ಎಂಬ ಪೇಟೆಗೆ ಕರೆದೊಯ್ಯುವೆವು.

ಗೋವನ್ 1864ರಿಂದ 1912ರವರೆಗೆ ಪ್ರತ್ಯೇಕ ಪುರಸಭೆಯುಳ್ಳ ಪಟ್ಟಣವಾಗಿದ್ದು, ಬಳಿಕ ಗ್ಲಾಸ್ಗೋವಿನಲ್ಲಿ ಸೇರಿತು. ಅಲ್ಲಿಯ ಹಳೆಯ ಕ್ರೈಸ್ತ ದೇವಾಲಯದಲ್ಲಿ ಸಾವಿರ ವರ್ಷಗಳಷ್ಟು ಹಿಂದಿನ ಕೆತ್ತನೆಯ ಶಿಲೆಗಳುಂಟು. ಪ್ರವಾಸಿಗಳು ಅವನ್ನು ನೋಡಲು ಹೋಗುತ್ತಾರೆ. ನಮಗಾದರೋ ಅಲ್ಲಿಯ ಬಾಡಿಗೆಮನೆಗಳ ಚರಿತ್ರೆಯೇ ಹೆಚ್ಚು ಆದರಣೀಯವೆಂದು ತೋರುವುದು.

ಮೂರು ನಾಲ್ಕು ಅಂತಸ್ತಿನ ಕಲ್ಲುಕಟ್ಟಡ. ಎಲ್ಲ ಸಂಸಾರಗಳಿಗೂ ಒಂದೇ ಮೆಟ್ಟಿಲಸಾಲು. ಎಷ್ಟೋ ಸಂಸಾರಗಳಿಗೆ ಇದ್ದುದು ಒಂದೇ ಕೋಣೆ. ಗೋಡೆಯಲ್ಲಿ ದೊಡ್ಡ ಗೂಡಿನಂತೆ ಬಿಟ್ಟ ಜಾಗವೇ ಶಯನಸ್ಥಾನ. ಅಡಿಗೆ, ಊಟ, ನಿದ್ರೆ, ಬಾಣಂತನ, ರೋಗಿಯ ಶುಶ್ರೂಷೆ ಎಲ್ಲವೂ ಅಲ್ಲಿಯೇ ನಡೆಯಬೇಕು. 1914ರಲ್ಲಿ ಮಹಾಯುದ್ಧವು ಮೊದಲಾಗಲು, ಹಡಗು ಮತ್ತು ಮದ್ದುಗುಂಡುಗಳ ಕೆಲಸಕ್ಕಾಗಿ ಜನರು ತಂಡತಂಡವಾಗಿ ಬಂದರು. ಮನೆಗಳು ಹೆಚ್ಚಲಿಲ್ಲ, ಬಾಡಿಗೆ ಮಾತ್ರ ಹೆಚ್ಚಿತು. ಗಂಡನು ರಣರಂಗದಲ್ಲಿರುವಾಗ ಇತ್ತ ಹೆಂಡತಿಮಕ್ಕಳನ್ನು ಬೀದಿಗೆ ನೂಕುವ ಬೆದರಿಕೆಯೂ ಬಂದಿತು. ಮನೆಯೊಡೆಯರಿಗೂ ಖರ್ಚು ಏರಿದ್ದಿತೆಂದು ವಾದಿಸುವವರುಂಟು. ಆದರೆ ಸೈನಿಕನ ಸಂಸಾರವನ್ನು ಹೊರಹಾಕುವುದಕ್ಕೆ ಅದು ಸಮಾಧಾನವಾಗಲಾರದು.

1915ರಲ್ಲಿ ಗೋವನ್ನಿನ ಹೆಂಗಸರು, ಏರಿಸಿದ ಬಾಡಿಗೆಯನ್ನು ಕೊಡೆವೆಂದು ನಿಶ್ಚಯಿಸಿದರು. ಅವರಲ್ಲಿ ಮುಖ್ಯಳಾದವಳು ಮೇರಿ ಬಾರ್ಬರ್. ಈಕೆ 1875ರಲ್ಲಿ ಕಿಲ್ಬಾರ್ಕನ್ ಎಂಬ ಹಳ್ಳಿಯಲ್ಲಿ ನೇಕಾರನ ಮಗಳಾಗಿ ಹುಟ್ಟಿದವಳು. ಇವರ ಕ್ರಮವು ಬಹು ಸರಳವಾಗಿದ್ದಿತು. ಮನೆ ಬಿಡಿಸುವ ನ್ಯಾಯಾಲಯದ ಜವಾನನು ಬೀದಿಯಲ್ಲಿ ಕಾಣಿಸಿದೊಡನೆ ಕಾವಲಿದ್ದವಳು ಗಂಟೆ ಬಾರಿಸುವಳು. ಮನೆಮನೆಯ ಹೆಂಗಸರು ಮಾಡುತ್ತಿದ್ದ ಕೆಲಸವನ್ನು ಹಾಗೆಯೇ ಬಿಟ್ಟು ಬಂದು ಮೆಟ್ಟಿಲನ್ನು ಕಿಕ್ಕಿರಿದು ತುಂಬುವರು. ಕೈಗೆ ಸಿಕ್ಕಿದ ಹಿಟ್ಟಿನ ಪೊಟ್ಟಣವೇ ಅವರ ಆಯುಧ! ಮೈಯೆಲ್ಲ ಬೆಳ್ಳಗಾದ ಆ ಜವಾನನು ಹಿಂದಿರುಗದೆ ಮಾಡುವುದೇನು? ಕಿಟಕಿಗಳಲ್ಲಿ 'ನಾವು ಮನೆ ಬಿಡುವುದಿಲ್ಲ' ಎಂಬ ಕಾಗದಗಳು ಕಾಣಿಸಿಕೊಂಡವು. ಇದು ಇತರ ಪೇಟೆಗಳಿಗೂ ಹಬ್ಬಿ, ಸುಮಾರು 20,000 ಮಂದಿ ಬಾಡಿಗೆದಾರರು ಸೇರಿಕೊಂಡರು.

ನವೆಂಬರ್ 17ರಂದು ಕೆಲವು ಕೆಲಸಗಾರರ ಮೇಲಿನ ಬಾಡಿಗೆಯ ವ್ಯಾಜ್ಯವು ನ್ಯಾಯಾಲಯದ ಮುಂದೆ ಬಂದಿತು. ಸಹಸ್ರಾರು ಸ್ತ್ರೀಯರು ಅತ್ತ ನಡೆದರು. ಹಡಗುಕಟ್ಟೆಯ ಕೆಲಸಗಾರರೂ ಕೈಕೆಲಸ ಬಿಟ್ಟು ಜೊತೆಗೂಡಿದರು. ವ್ಯಾಜ್ಯವು ಬಿದ್ದುಹೋಯಿತು. ಅದೇ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಶಾಸನವನ್ನು ಮಾಡಿ, ಸಣ್ಣ ಮನೆಗಳ ಬಾಡಿಗೆಯು ಯುದ್ಧಾರಂಭದಲ್ಲಿದ್ದ ಮಟ್ಟವನ್ನು ಮೀರಕೂಡದೆಂದು ವಿಧಿಸಿತು.

ಶಾಸನದಿಂದ ಒಂಟಿಕೋಣೆಯೇನೂ ಎರಡಾಗಲಿಲ್ಲ. ಮೇರಿ ಬಾರ್ಬರ್ ಅದನ್ನು ಬಲ್ಲವಳಾದುದರಿಂದ, 1920ರಲ್ಲಿ ನಗರಸಭೆಗೆ ಚುನಾಯಿತಳಾಗಿ ಮಕ್ಕಳಿಗೆ ಹಾಲು, ಸಾರ್ವಜನಿಕ ಸ್ನಾನಗೃಹ, ಬಟ್ಟೆ ಒಗೆಯುವ ಮನೆ ಮುಂತಾದುವುಗಳಿಗಾಗಿ ದುಡಿದಳು. ಆಕೆ 1958ರಲ್ಲಿ ತೀರಿಕೊಂಡಳು. ಅರುವತ್ತು ವರ್ಷಗಳ ತರುವಾಯ, 2018ರಲ್ಲಿ, ಗೋವನ್ ಚೌಕದಲ್ಲಿ ಆಕೆಯ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಅದರಲ್ಲಿ ಆಕೆ ಒಬ್ಬಳೇ ಇಲ್ಲ. ಬೆನ್ನ ಹಿಂದೆ ನೆರೆಹೊರೆಯವರ ಸಾಲೂ ನಡೆದು ಬರುತ್ತಿದೆ.