ಕುಂಬಳದ ಹೀಚು ಉದುರುವುದೇಕೆ? ಬೆಳಗಿನ ಐದು ನಿಮಿಷದ ಕೆಲಸ



ಹಸುವಿಗೆ ಚಿಕಿತ್ಸೆ ಮಾಡಿ ಕೈ ತೊಳೆಯುವ ಹೊತ್ತಿಗೆ ಮನೆಯಾಕೆ ಕೇಳುವ ಪ್ರಶ್ನೆ ಎಷ್ಟೋ ಸಲ ಹಸುವಿನದಾಗಿರುವುದಿಲ್ಲ. "ತಿಪ್ಪೆಯ ಪಕ್ಕದ ಕುಂಬಳಬಳ್ಳಿ ಸೊಂಪಾಗಿ ಹಬ್ಬಿದೆ, ರಾಶಿ ಹೂ ಬಿಡುತ್ತದೆ. ಹೀಚು ಮಾತ್ರ ನಿಂಬೆಹಣ್ಣಿನ ಗಾತ್ರಕ್ಕೆ ಬಂದು ಹಳದಿಯಾಗಿ ಉದುರುತ್ತದೆ. ಏನು ಮಾಡೋಣ?" ಎಂದು ಕೇಳುತ್ತಾರೆ. ಯಾರೋ ಬೆರಳು ತೋರಿಸಿದರು, ದೃಷ್ಟಿ ತಾಗಿತು ಎನ್ನುವವರಿದ್ದಾರೆ. ಮುಟ್ಟಾದವಳು ಬಳ್ಳಿಯ ಹತ್ತಿರ ಹೋದಳು ಎಂದು ಸೊಸೆಯನ್ನು ದೂರುವುದೂ ಉಂಟು. ಇದರಲ್ಲಿ ಸೊಸೆಯ ತಪ್ಪೇನೂ ಇಲ್ಲ. ಹೆಚ್ಚಿನ ಸಲ ಆ ಹೀಚಿಗೆ ಪರಾಗ ಸಿಕ್ಕಿರುವುದಿಲ್ಲ, ಅಷ್ಟೆ.

ಗಂಡು ಹೂ, ಹೆಣ್ಣು ಹೂ

ಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿಗೆ ಉದ್ದನೆಯ ಸಪೂರ ತೊಟ್ಟು. ಹೆಣ್ಣು ಹೂವಿನ ಬುಡದಲ್ಲಿ ಅರಳುವ ಮೊದಲೇ ಪುಟ್ಟ ಕಾಯಿ ಇರುತ್ತದೆ. ಇದನ್ನೇ ನಾವು ಕಾಯಿ ಕಚ್ಚಿತು ಎಂದು ತಪ್ಪು ತಿಳಿಯುತ್ತೇವೆ. ಪರಾಗ ತಾಗದಿದ್ದರೆ ಆ ಪುಟ್ಟ ಕಾಯಿ ಕೆಲವೇ ದಿನಗಳಲ್ಲಿ ಬಾಡುತ್ತದೆ. ಮೊದಲು ಬರೀ ಗಂಡು ಹೂಗಳೇ ಬರುತ್ತವೆ. ಅದು ಸಹಜ, ಗಾಬರಿ ಬೇಡ.

ಕುಂಬಳದ ಪರಾಗ ಭಾರ ಮತ್ತು ಅಂಟು. ಗಾಳಿಗೆ ಹಾರುವುದಿಲ್ಲ, ಜೇನ್ನೊಣಗಳೇ ಹೊತ್ತು ತರಬೇಕು. ಜೇನು ಕಡಿಮೆಯಾದ ಕಡೆ, ಮಳೆ ಮೋಡದ ದಿನಗಳಲ್ಲಿ, ಬೆಳಗಿನ ಹೊತ್ತು ಔಷಧಿ ಸಿಂಪಡಿಸಿದ ತೋಟಗಳ ಬಳಿ ಈ ಕೆಲಸ ನಡೆಯುವುದಿಲ್ಲ. ಆಗ ನಾವೇ ಜೇನಿನ ಕೆಲಸ ಮಾಡಬೇಕು.

ಕೃತಕ ಗರ್ಭಧಾರಣೆಯ ಹಾಗೆಯೇ

ಹಸು ಬೆಳಿಗ್ಗೆ ಬೆದೆಗೆ ಬಂದರೆ ಅದೇ ಸಂಜೆ ಕೃತಕ ಗರ್ಭಧಾರಣೆ ಮಾಡಿಸಬೇಕೆಂದು ನಿಮಗೆ ಗೊತ್ತು. ಹೊತ್ತು ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಹೆಣ್ಣು ಹೂವಿಗೆ ಆ ಎರಡನೆಯ ಅವಕಾಶವೂ ಇಲ್ಲ. ಅದು ನಸುಕಿನಲ್ಲಿ ಅರಳಿ, ಬಿಸಿಲೇರುವ ಹೊತ್ತಿಗೆ ಮುಚ್ಚುತ್ತದೆ, ಮತ್ತೆ ಅರಳುವುದಿಲ್ಲ. ಹೋರಿಯ ವೀರ್ಯವನ್ನು ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡಬಹುದು. ಹೂವಿನ ಪರಾಗಕ್ಕೆ ಆ ಒಂದು ಬೆಳಿಗ್ಗೆ ಮಾತ್ರ. ಬೆಳಗಿನ ಹಾಲು ಕರೆದು ಸಂಘಕ್ಕೆ ಹೊರಡುವ ಮುನ್ನ ಹಿತ್ತಲಿಗೊಮ್ಮೆ ಹೋಗಿ ಬಂದರೆ ಸಾಕು.

ಮಾಡುವ ಕ್ರಮ

1. ಹಿಂದಿನ ಸಂಜೆ ಬಳ್ಳಿ ನೋಡಿ. ತುದಿ ಹಳದಿಗೆ ತಿರುಗಿದ ಮೊಗ್ಗು ಮರುದಿನ ಅರಳುತ್ತದೆ. ಗುರುತು ಇಟ್ಟುಕೊಳ್ಳಿ.

2. ಬೆಳಿಗ್ಗೆ 6ರಿಂದ 8 ಗಂಟೆಯೊಳಗೆ, ಆಗಷ್ಟೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ಎಸಳುಗಳನ್ನು ಬಿಡಿಸಿ ತೆಗೆಯಿರಿ. ನಡುವಿನ ದಂಡಿಗೆ ಬೆರಳು ತಾಗಿಸಿದರೆ ಹಳದಿ ಹುಡಿ ಅಂಟಬೇಕು.

3. ಹೆಣ್ಣು ಹೂವಿನ ನಡುವೆ ಇರುವ ಶಲಾಕಾಗ್ರದ ಎಲ್ಲ ಗಂಟುಗಳಿಗೂ ಈ ದಂಡಿಯನ್ನು ಮೆಲ್ಲಗೆ ಸವರಿ. ಒಂದು ಬದಿಗೆ ಮಾತ್ರ ಪರಾಗ ಬಿದ್ದರೆ ಕಾಯಿ ಸೊಟ್ಟಗಾಗಬಹುದು. ಸಾಧ್ಯವಾದರೆ ಒಂದು ಹೆಣ್ಣಿಗೆ 2 ಗಂಡು ಹೂ ಬಳಸಿ.

4. ಮಳೆಯ ಲಕ್ಷಣವಿದ್ದರೆ ಹೆಣ್ಣು ಹೂವಿನ ಎಸಳನ್ನು ಕೂಡಿಸಿ ದಾರದಿಂದ ಸಡಿಲವಾಗಿ ಕಟ್ಟಿ. ನೆನೆದ ಪರಾಗ ಕೆಲಸಕ್ಕೆ ಬಾರದು.

ನಾಲ್ಕೈದು ದಿನಗಳಲ್ಲಿ ಕಾಯಿ ಹೊಳಪು ಪಡೆದು ಉಬ್ಬುತ್ತಿದ್ದರೆ ಕಚ್ಚಿದೆ ಎಂದು ತಿಳಿಯಿರಿ. ಚೆನ್ನಾಗಿ ಉಬ್ಬಿದ ಮೇಲೂ ಸಣ್ಣ ತೂತಿನ ಗುರುತಾಗಿ ಕೊಳೆತರೆ ಅದು ಹಣ್ಣು ನೊಣದ ಕೆಲಸ. ಅಂಥ ಕಾಯಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿ. ಉಳಿದ ಹೀಚುಗಳಿಗೆ ಕಾಗದದ ಚೀಲ ಕಟ್ಟಿ.

ದೊಡ್ಡ ಕಾಯಿ ಬೇಕೆಂದರೆ

ಮೊದಲು ತಳಿ ನೋಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ರುಚಿಗೆ ಹೆಸರಾದದ್ದು, ಆದರೆ ಅದರ ಕಾಯಿ 2ರಿಂದ 3 ಕಿಲೋ ಮಾತ್ರ. ದೊಡ್ಡ ಜಾತಿಯಾದರೆ ಒಂದು ಬಳ್ಳಿಗೆ ಒಂದೆರಡು ಒಳ್ಳೆಯ ಕಾಯಿ ಉಳಿಸಿ, ಬೇರೆ ಹೀಚುಗಳನ್ನು ಪಲ್ಯಕ್ಕೆ ಬಳಸಿ. 2023ರಲ್ಲಿ ಅಮೆರಿಕದ ಹಾಫ್ ಮೂನ್ ಬೇ ಸ್ಪರ್ಧೆಯಲ್ಲಿ 1,247 ಕಿಲೋ ತೂಗಿದ ಕುಂಬಳ ಗೆದ್ದಿತು. ಇಂಥ ಕಾಯಿ ಬೆಳೆಯುವವರೂ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಬಳ್ಳಿಗೆ ಒಂದೇ ಕಾಯಿ ಬಿಡುವುದು ಅವರ ರೂಢಿ.

ಗೊಬ್ಬರ ಚೆನ್ನಾಗಿ ಕಳಿತಿರಲಿ. ಯೂರಿಯಾ ಅತಿಯಾದರೆ ಎಲೆಯೇ ಎಲೆ, ಕಾಯಿ ಕಡಿಮೆ.

ಕೊನೆಯದಾಗಿ, ಕೊಟ್ಟಿಗೆಯ ಮಾತು

ಮಿಕ್ಕ ಕುಂಬಳವನ್ನು ಹಸುವಿಗೆ ಕೊಡಬಹುದು. ಆದರೆ ದೊಡ್ಡ ಹೋಳು ಗಂಟಲಲ್ಲಿ ಸಿಕ್ಕಿಕೊಂಡರೆ ತೇಗು ನಿಂತು, ಹೊಟ್ಟೆ ಉಬ್ಬರಿಸಿ, ಹಸು ಸಾಯಬಹುದು. ಆದ್ದರಿಂದ ಸಣ್ಣಗೆ ಹೆಚ್ಚಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಕೊಳೆತದ್ದನ್ನೂ ಔಷಧಿ ಹೊಡೆದ ಬಳ್ಳಿಯನ್ನೂ ಹಾಕಬೇಡಿ. ಔಷಧಿ ಸಿಂಪಡಿಸಲೇಬೇಕಾದರೆ ಹೂ ಮುಚ್ಚಿದ ಮೇಲೆ, ಸಂಜೆ ಸಿಂಪಡಿಸಿ. ಜೇನು ಉಳಿದರೆ ನಿಮ್ಮ ಕೆಲಸವೂ ಉಳಿಯುತ್ತದೆ.

ನಾಳೆ ಬೆಳಿಗ್ಗೆ ಹಾಲಿನ ಕ್ಯಾನ್ ಎತ್ತುವ ಮುಂಚೆ ಬಳ್ಳಿಯತ್ತ ಒಮ್ಮೆ ನೋಡಿ. ಸೊಸೆಯನ್ನು ದೂರುವ ಬದಲು ಅವಳ ಕೈಗೇ ಗಂಡು ಹೂ ಕೊಡಿ.